ಈರಭದ್ರಾಚಾರಿಯ ಮೋಟಾರು ವೈದ್ಯ

ಅಜ್ಜಂಪುರದ ಕಮ್ಮಾರ ಈರಭದ್ರಾಚಾರಿಗೆ ನಲವತ್ತೈದು ವರ್ಷ ತುಂಬುವವರೆಗೂ ಗೊತ್ತಿದ್ದದ್ದು ಎರಡೇ ವಿದ್ಯೆ: ಎತ್ತಿಗೆ ಲಾಳ ಕಟ್ಟುವುದು, ಗಾಡಿಚಕ್ರಕ್ಕೆ ಪಟ್ಟೆ ಹಾಕುವುದು. ಮೂರನೆಯದು ತಾನಾಗಿಯೇ ಬಂದು ಅವನ ಕುಲುಮೆಯ ಮುಂದೆ ನಿಂತುಬಿಟ್ಟಿತು.

ಅದು ಕಡೂರಿನ ಕೊಬ್ಬರಿ ವ್ಯಾಪಾರಿ ತೀರ್ಥಪ್ಪನವರ ಮೋಟಾರು. ಕಾಫಿ ತೋಟದ ಇಂಗ್ಲಿಷ್ ದೊರೆಯೊಬ್ಬ ತನ್ನ ಸೀಮೆಗೆ ಹಿಂದಿರುಗುವಾಗ ಮಾರಿಹೋದದ್ದು. ಮೇಲೆ ತಗಡಿನ ಸೂರು, ಕಿಟಕಿಗೆ ಗಾಜು, ಒಳಗೆ ಏಳು ಜನ ಕೂರುವಷ್ಟು ಜಾಗ. ವಯಸ್ಸಾಗಿತ್ತು, ಗತ್ತು ಮಾತ್ರ ಇಳಿದಿರಲಿಲ್ಲ. ಡ್ರೈವರ್ ಕೆಂಚಪ್ಪನಿಗೆ ಅದನ್ನು ಓಡಿಸಲು ಬರುತ್ತಿತ್ತು, ಮುಚ್ಚಳ ತೆಗೆದು ನೋಡಲು ಭಯ.

“ಬೆಂಗಳೂರಿಂದ ಮೇಸ್ತ್ರಿ ಬರ್ಬೇಕು ಬುದ್ಧಿ,” ಎಂದ ಕೆಂಚಪ್ಪ.

“ಅಲ್ಲೀಗಂಟ ನಾನು ಇಲ್ಲೇ ಕೂತಿರ್ಲೇನೋ?” ಎಂದು ತೀರ್ಥಪ್ಪನವರು ಸಿಡುಕಿದರು.

ಆಚಾರಿ ಗಾಡಿಗೆ ಒಂದು ಪ್ರದಕ್ಷಿಣೆ ಹಾಕಿ, “ಇದರ ಹೊಟ್ಟೆ ಎಲ್ಲೈತೆ, ಬಾಯಿ ಎಲ್ಲೈತೆ?” ಎಂದು ಕೇಳಿದ. ಕೆಂಚಪ್ಪ ಪೆಟ್ರೋಲ್ ಟ್ಯಾಂಕನ್ನೂ ಎಂಜಿನ್ನನ್ನೂ ತೋರಿಸಿದ. ನಡುವಿನ ಸಣ್ಣ ತಾಮ್ರದ ಕೊಳವೆ ಬಿಚ್ಚಿ ಆಚಾರಿ ಬಾಯಿಟ್ಟು ಜೋರಾಗಿ ಹೀರಿದ. ಕಟ್ಟಿದ್ದ ಕಸ ಬಂತು, ಜೊತೆಗೆ ಒಂದು ಗುಟುಕು ಪೆಟ್ರೋಲೂ ಬಂತು. ಮೋಟಾರು ಹೊರಟೇಹೋಯಿತು.

ಆ ದಿನ ಹೆಂಡತಿ ಕಾಳಮ್ಮ ಅವನನ್ನು ಒಲೆಯ ಹತ್ತಿರ ಬಿಟ್ಟುಕೊಳ್ಳಲಿಲ್ಲ. “ಅಲ್ಲೇ ಕೂತ್ಕಳ್ಳಿ. ಕೆಮ್ಮಿದ್ರೆ ಮನೆ ಹತ್ಕಂಡಾತು,” ಎಂದು ಊಟದ ತಟ್ಟೆಯನ್ನು ದೂರದಿಂದಲೇ ತಳ್ಳಿದಳು.

ಅಂದಿನಿಂದ ಮೋಟಾರು ಮೊಂಡು ಹೂಡಿದಾಗಲೆಲ್ಲ ಆಚಾರಿಗೆ ಕರೆ ಬರತೊಡಗಿತು. ತಮ್ಮ ಮಗಳ ಮದುವೆ ನಿಶ್ಚಯಕ್ಕೆ ತರೀಕೆರೆಗೆ ಹೊರಟಾಗಲಂತೂ ತೀರ್ಥಪ್ಪನವರು ಅವನನ್ನು ಕಡೂರಿಗೇ ಕರೆಸಿಕೊಂಡು ಮುಂದಿನ ಸೀಟಿನಲ್ಲಿ ಕೂರಿಸಿದರು. ಹಿಂದೆ ತಾವು, ಹೆಂಡತಿ ಸಾವಿತ್ರಮ್ಮ, ಆಕೆಯ ತಮ್ಮ ಮಲ್ಲಿಕಾರ್ಜುನಪ್ಪ. ಈತ ಅಮಲ್ದಾರರ ಕಚೇರಿಯ ಗುಮಾಸ್ತ. ಷರಾಯಿ ತೊಟ್ಟು, ಅದಕ್ಕೆ ಅಗಲವಾದ ಚರ್ಮದ ಬೆಲ್ಟು ಬಿಗಿದಿದ್ದ.

ಬೀರೂರು ದಾಟುತ್ತಿದ್ದಂತೆ ಮೋಟಾರಿನ ಮೂತಿಯಿಂದ ಹಬೆ ಎದ್ದಿತು. ನೋಡಿದರೆ, ಎಂಜಿನ್ನಿಗೆ ಗಾಳಿ ಹಾಕುವ ಫ್ಯಾನಿನ ಪಟ್ಟಿ ಹರಿದಿತ್ತು. ಆಚಾರಿಯ ಕಣ್ಣು ಗುಮಾಸ್ತನ ನಡುವಿನ ಮೇಲೆ ನೆಟ್ಟಿತು.

“ಸ್ವಾಮಿ, ಆ ಸೊಂಟದ್ದು ಬಿಚ್ಚಿ ಕೊಡ್ತೀರಾ?”

“ಏನಯ್ಯಾ! ನಾನು ಸರ್ಕಾರಿ ಮನುಷ್ಯ!”

“ಸೊಂಟ ಸರ್ಕಾರದ್ದಲ್ವಲ್ಲ ಸ್ವಾಮಿ.”

ಸಾವಿತ್ರಮ್ಮ ನಕ್ಕುಬಿಟ್ಟರು. “ಕೊಡೋ ಅತ್ಲಾಗೆ. ಹುಡುಗಿ ಮದುವೇಗಿಂತ ನಿನ್ನ ಷರಾಯಿ ಹೆಚ್ಚಾಯ್ತಾ?”

ಬೆಲ್ಟನ್ನು ಕತ್ತರಿಸಿ, ತಾಮ್ರದ ತಂತಿಯಲ್ಲಿ ಹೊಲಿದು ಫ್ಯಾನಿಗೆ ತೊಡಿಸಿದ್ದಾಯಿತು. ಎರಡು ಮೈಲಿ ಹೋಗುವಷ್ಟರಲ್ಲಿ ಮತ್ತೆ ಹಬೆ. ಈಗ ನೀರಿನ ರೇಡಿಯೇಟರೇ ಸಣ್ಣಗೆ ಸೋರುತ್ತಿತ್ತು. ಅದು ಆರುವ ತನಕ ಕಾದು, ಕೆರೆಯ ನೀರು ತುಂಬಿಸಿ, ಆಚಾರಿ ಸಾವಿತ್ರಮ್ಮನ ಬುತ್ತಿಯಿಂದ ಎರಡು ಹಿಡಿ ರಾಗಿ ಹುರಿಹಿಟ್ಟು ಕೇಳಿದ.

“ಇದಕ್ಕೂ ಹಸಿವೇನಪ್ಪಾ?”

“ಬಿರುಕು ಬಿಟ್ಟ ಮಡಕೇಲಿ ಅಂಬ್ಲಿ ಕಾಸಿದ್ರೆ ಸೋರೋದು ನಿಲ್ಲಲ್ವೇನ್ರವ್ವಾ? ಇದೂ ಹಂಗೇ.”

ಹಿಟ್ಟು ಒಳಗೆ ಕುದಿಯಿತು, ಸೋರುವುದು ನಿಂತಿತು. ತರೀಕೆರೆಯವರೆಗೂ ಮೋಟಾರು ಅಂಬಲಿಯ ವಾಸನೆ ಬೀರುತ್ತ ಓಡಿತು.

ಸೇರುವಾಗ ಒಂದೂವರೆ ಗಂಟೆ ತಡ. ಮುಹೂರ್ತ ಮೀರಿತೆಂದು ತೀರ್ಥಪ್ಪನವರ ಮುಖ ಬಾಡಿತ್ತು. ಆದರೆ ಬೀಗರು ಬಸವರಾಜಪ್ಪ ನಗುತ್ತಲೇ ಎದುರು ಬಂದರು. “ಒಳ್ಳೇದೇ ಆಯ್ತು ಕಣ್ರೀ! ನಮ್ಮ ಅಯ್ಯನೋರು ಪಂಚಾಂಗದಲ್ಲಿ ವಾರ ತಪ್ಪು ನೋಡಿದ್ರಂತೆ. ಇಷ್ಟೊತ್ತೂ ರಾಹುಕಾಲ ಇತ್ತು, ಈಗ ಕಳೀತು.” ಆಮೇಲೆ ಮೂಗರಳಿಸಿ, “ಯಾರ ಮನೇಲಿ ಅಂಬ್ಲಿ ಕಾಯಿಸ್ತಾವ್ರೆ?” ಎಂದರು. ಮಲ್ಲಿಕಾರ್ಜುನಪ್ಪ ಷರಾಯಿ ಹಿಡಿದುಕೊಂಡು ಒಂದೇ ಕೈಯಲ್ಲಿ ನಮಸ್ಕಾರ ಮಾಡಿದ.

ಬಸವರಾಜಪ್ಪನವರ ಅಕ್ಕಿ ಗಿರಣಿಯ ಎಂಜಿನ್ನು ಎರಡು ತಿಂಗಳಿಂದ ಸತ್ತು ಬಿದ್ದಿತ್ತು. ಆಚಾರಿ ನಾಲ್ಕು ದಿನ ಅಲ್ಲೇ ಉಳಿದು ಅದನ್ನು ಎಬ್ಬಿಸಿದ. ಆಮೇಲೆ ಅವನ ಕುಲುಮೆಯ ಮುಂದೆ ಎತ್ತುಗಳ ಸಾಲಿನಲ್ಲಿ ಮೋಟಾರುಗಳೂ ನಿಲ್ಲತೊಡಗಿದವು. ಓಡಿಸುವುದನ್ನು ಮಾತ್ರ ಅವನು ಕೊನೆಗೂ ಕಲಿಯಲಿಲ್ಲ.

ಮದುವೆಯ ದಿನ ತೀರ್ಥಪ್ಪನವರು ತುಂಬಿದ ಚಪ್ಪರದಲ್ಲಿ ಅವನ ಕೈಗೆ ಜರಿಪೇಟ ಕೊಟ್ಟರು. ಆಗಷ್ಟೇ ಮೋಟಾರಿನ ಮುಚ್ಚಳ ಮುಚ್ಚಿ ಬಂದಿದ್ದ ಆಚಾರಿ ಕೈ ಒರೆಸಿಕೊಳ್ಳುವುದೂ ಮರೆತು ಪೇಟ ಹಿಡಿದುಕೊಂಡ, ಅದರ ಮೇಲೆ ಐದು ಬೆರಳಿನ ಮಸಿ ಮೂಡಿತು. ಕಾಳಮ್ಮ ಸೀಗೆಪುಡಿ ಹಾಕಿ ಮೂರು ಸಲ ಉಜ್ಜಿದರೂ ಹೋಗಲಿಲ್ಲ. ಅವನೇನೂ ಬೇಸರಪಡಲಿಲ್ಲ, ಯಾರ ಮನೆಯ ಮದುವೆಗೆ ಹೋದರೂ ಆ ಮಸಿ ಎದುರಿಗೇ ಕಾಣುವ ಹಾಗೆ ಪೇಟ ಸುತ್ತಿಕೊಳ್ಳುತ್ತಿದ್ದ.