ಹದಿನಾಲ್ಕನೆಯ ಅಧ್ಯಾಯದ ಚೀಟಿ

ಕಳೆದ ತಿಂಗಳು ನಮ್ಮ ಬಡಾವಣೆಯ ಗ್ರಂಥಾಲಯದ ಸಭೆಯಲ್ಲಿ ಸದಸ್ಯರೊಬ್ಬರು ಮಕ್ಕಳ ಕಪಾಟಿನಿಂದ ಏಳು ಪುಸ್ತಕ ತೆಗೆದುಹಾಕಬೇಕೆಂದರು. ಅದರಲ್ಲಿ ಒಂದು ಪುಸ್ತಕದ ಹುಡುಗಿ ತಾಯಿಗೆ ಎದುರು ಮಾತಾಡುತ್ತಾಳಂತೆ. ಸಭೆಗಳಲ್ಲಿ ಚಹಾ ಬರುವವರೆಗೆ ನಾನು ಬಾಯಿ ಬಿಡುವವಳಲ್ಲ. ಅಂದು ಚಹಾಕ್ಕೂ ಕಾಯದೆ ಕೈ ಎತ್ತಿ, ಆಗುವುದಿಲ್ಲ ಎಂದೆ.

"ನಿಮಗ ಯಾಕ್ರಿ ಇಷ್ಟು ಸಿಟ್ಟು?" ಎಂದು ಅವರು ಕೇಳಿದರು. ಅದನ್ನು ಹೇಳಬೇಕಾದರೆ ಧಾರವಾಡದ ನಮ್ಮ ಹಳೆಯ ಓಣಿಗೆ, ನನ್ನ ಹನ್ನೊಂದನೆಯ ವಯಸ್ಸಿಗೆ ಹೋಗಬೇಕು.

ಆ ಓಣಿಯ ವಾಚನಾಲಯಕ್ಕೆ ಐದು ಜನ ಹಿರಿಯರ ಸಮಿತಿ ಇತ್ತು. ನನ್ನ ಅಪ್ಪ ಅದರ ಗೌರವ ಕಾರ್ಯದರ್ಶಿ. ಹೆಸರಿನಲ್ಲಿ ಗೌರವ, ಪಾಲಿಗೆ ಬಂದದ್ದೆಲ್ಲ ಬೈಗುಳ. ಹೊಸ ಕಾದಂಬರಿ ಬಂದರೆ ಮೊದಲು ಸಮಿತಿಯವರಲ್ಲಿ ಒಬ್ಬರು ಓದಿ, ಮರ್ಯಾದಸ್ಥರಿಗೆ ತಕ್ಕುದಲ್ಲ ಎನಿಸಿದ ಸಾಲುಗಳ ಪಕ್ಕ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದರು. ಆ ಸಾಲುಗಳ ಅಳತೆಗೆ ಬಿಳಿ ಕಾಗದದ ಚೀಟಿ ಕತ್ತರಿಸಿ ಅಂಟಿಸುವುದು ಅಪ್ಪನ ಕೆಲಸ. ಪುಸ್ತಕ ಹರಿದರೆ ಪಾಪ, ಮುಚ್ಚಿದರೆ ಪಾಪವಲ್ಲ ಎಂಬುದು ಸಮಿತಿಯ ಸಿದ್ಧಾಂತವಾಗಿತ್ತು.

ಅಪ್ಪ ಮೈದಾ ಹಿಟ್ಟಿಗೆ ಮೈಲುತುತ್ತ ಹಾಕಿ ಅಂಟು ಕಾಯಿಸುತ್ತಿದ್ದರು. ಆ ವಾಸನೆಗೆ ಜಿರಲೆಗಳೂ ವಾಚನಾಲಯದ ಸದಸ್ಯತ್ವ ಬಿಟ್ಟಿದ್ದವು. ಒಮ್ಮೆ ನಾನು ಉಗುರಿನಿಂದ ಒಂದು ಚೀಟಿ ಕೆರೆದು ನೋಡಿದೆ. ಚೀಟಿಯ ಜೊತೆ ಕೆಳಗಿನ ಅಕ್ಷರವೂ ಎದ್ದು ಬಂದು, ಪುಸ್ತಕದಲ್ಲಿ ಒಂದು ತೂತು ಮಾತ್ರ ಉಳಿಯಿತು. ಅಪ್ಪ ಇಲಿಯನ್ನು ಬೈದರು. ನಾನೂ ಬೈದೆ.

ಚೀಟಿ ಹಚ್ಚಿದ ಪುಸ್ತಕ ತೊಳೆದಿಟ್ಟ ಪಾತ್ರೆಯಷ್ಟು ಚೊಕ್ಕ ಎಂದು ಅಪ್ಪನ ನಂಬಿಕೆ. ಆದ್ದರಿಂದ ಅಂಥ ಕಾದಂಬರಿಗಳನ್ನು ಧಾರಾಳವಾಗಿ ಮನೆಗೆ ತರುತ್ತಿದ್ದರು. ಅವು ಅವರ ತಾಯಿಗೆ, ಅಂದರೆ ನನ್ನ ಅಜ್ಜಿಗೆ. ಶಾಲೆಯ ಕಟ್ಟೆ ಹತ್ತದ ಅಜ್ಜಿಗೆ ಓದು ಬರುತ್ತಿರಲಿಲ್ಲ, ಕೇಳುವ ಚಟ ಮಾತ್ರ ವಿಪರೀತ. ಮಧ್ಯಾಹ್ನ ಶಾಲೆ ಬಿಟ್ಟು ಬಂದ ಮೇಲೆ ನಾನು ಓದುತ್ತಿದ್ದೆ, ಅಜ್ಜಿ ಮೊರದಲ್ಲಿ ಜೋಳ ಹಸನು ಮಾಡುತ್ತ ಕೇಳುತ್ತಿದ್ದಳು.

ಆ ಸಲದ ಕಾದಂಬರಿಯಲ್ಲಿ ಒಬ್ಬ ಶಿಕ್ಷಕಿ ಗಂಡನ ಮನೆ ಬಿಟ್ಟು ಬಂದು ಬೇರೊಂದು ಊರಿನಲ್ಲಿ ನೌಕರಿ ಮಾಡುತ್ತಿದ್ದಳು. ಹದಿನಾಲ್ಕನೆಯ ಅಧ್ಯಾಯದಲ್ಲಿ ಮಳೆಗೆ ಸಿಕ್ಕು ಆ ಊರ ಡಾಕ್ಟರ ಮನೆಯ ಬಾಗಿಲು ಬಡಿದಳು. ಡಾಕ್ಟರು ಬಾಗಿಲು ತೆರೆದರು. ಅಲ್ಲಿಗೆ ಎರಡು ಬೆರಳು ಅಗಲದ ಚೀಟಿ.

"ಯಾಕ ನಿಂತಿ? ಓದವಾ," ಎಂದಳು ಅಜ್ಜಿ.

"ಇಲ್ಲೆ ಚೀಟಿ ಹಚ್ಯಾರಜ್ಜಿ. ಅಪ್ಪಾನ ಹಚ್ಯಾರ."

"ಅಂವಗೇನು ತಿಳಿತೈತಿ? ಕೆಳಗ ಏನು ಬರದೈತಿ, ಅದನ್ನ ಹೇಳು."

ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಅಜ್ಜಿಯ ಮೊರ ನಿಂತುಬಿಟ್ಟಿತ್ತು, ಮುಖ ನನ್ನ ಕಡೆ ಇತ್ತು. ಚೀಟಿ ನೋಡುತ್ತಲೇ ಓದುವವಳಂತೆ ನಾನು ಕಟ್ಟಿ ಹೇಳತೊಡಗಿದೆ. ಒಬ್ಬ ಗಂಡಸು, ಒಬ್ಬ ಹೆಂಗಸು ಸೇರಿ ಮಾಡಬಹುದಾದ ಅತಿ ದೊಡ್ಡ ಅಪರಾಧ ಯಾವುದು ಎಂದು ಹನ್ನೊಂದರ ತಲೆ ಎಷ್ಟು ಯೋಚಿಸಬಲ್ಲದೋ ಅಷ್ಟು ಯೋಚಿಸಿ, "ಡಾಕ್ಟರು ಅವಳನ್ನು ಮಣೆಯ ಮೇಲೆ ಕೂರಿಸಿ, ತಲೆಗೆ ಎಣ್ಣೆ ಹಚ್ಚಿದರು," ಎಂದೆ.

ಅಜ್ಜಿ ಮೊರ ಕೆಳಗಿಟ್ಟಳು. ಆಮೇಲೆ, "ಯಾವ ಎಣ್ಣಿ?" ಎಂದಳು.

"ಹರಳೆಣ್ಣಿ."

"ಹಂಗಾರ ಹುಡುಗ ಛಲೋ ಮನಿತನದಾಂವ," ಎಂದು ಮತ್ತೆ ಮೊರ ಹಿಡಿದಳು.

ಆ ಸಂಜೆ ಅಜ್ಜಿ ಮಠದ ಪುರಾಣಕ್ಕೆ ಹೋದಾಗ ಈ ಎಣ್ಣೆಯೂ ಜೊತೆಗೆ ಹೋಯಿತು. ಅಲ್ಲಿಂದ ಓಣಿಯ ನಲ್ಲಿಗೆ ಬರುವಷ್ಟರಲ್ಲಿ ಡಾಕ್ಟರು ಎಣ್ಣೆ ಹಚ್ಚಿ ಎರೆದೂ ಬಿಟ್ಟಿದ್ದರು, ಅಂದರೆ ಬಿಸಿನೀರು ಹಾಕಿ ತಲೆಸ್ನಾನ ಮಾಡಿಸಿದ್ದರು. ಹಿಟ್ಟಿನ ಗಿರಣಿ ಮುಟ್ಟುವಾಗ ಇಬ್ಬರೂ ಬಸ್ಸು ಹತ್ತಿ ಗೋವಾಕ್ಕೆ ಹೋಗಿದ್ದರು. ವಾರ ಕಳೆಯುವುದರಲ್ಲಿ ವಾಚನಾಲಯದ ಮುಂದೆ, ಹಿಂದೆಂದೂ ಆ ಮೆಟ್ಟಿಲು ತುಳಿಯದವರೆಲ್ಲ ಆ ಪುಸ್ತಕ ಕೇಳಿಕೊಂಡು ನಿಂತರು. ಪುಸ್ತಕ ನಮ್ಮ ಮನೆಯಲ್ಲಿತ್ತು.

ಸಮಿತಿ ತುರ್ತು ಸಭೆ ಕರೆಯಿತು. ಪುಸ್ತಕವನ್ನು ರದ್ದಿಗೆ ಹಾಕುವುದು ಎಂಬ ಒಂದೇ ವಿಷಯ. ಸುದ್ದಿ ಕೇಳಿದ ಅಜ್ಜಿ ಅಂದು ಊಟಕ್ಕೆ ಏಳಲಿಲ್ಲ. ಆ ವಾರವೆಲ್ಲ ಹದಿನಾಲ್ಕನೆಯದನ್ನೇ ಮತ್ತೆ ಮತ್ತೆ ಓದಿಸಿಕೊಂಡಿದ್ದಳು, ಇನ್ನೂ ಆರು ಅಧ್ಯಾಯ ಉಳಿದಿದ್ದವು. "ಅಕಿ ತಿರುಗಿ ಗಂಡನ ಮನಿಗೆ ಹೋದಳೋ ಇಲ್ಲೋ ತಿಳೀದನ ನಾ ಹೆಂಗ ಇರಬೇಕವಾ?" ಎಂದು ನನ್ನನ್ನು ಕೇಳಿದಳು. ಸೀರೆ ಬೇಕು, ಬಳೆ ಬೇಕು ಎಂದು ಎಂದೂ ಕೇಳದ ಹೆಂಗಸು. ಗೋವಾ ನನ್ನದಲ್ಲ, ಆದರೆ ಎಣ್ಣೆ ನನ್ನದೇ ಆಗಿತ್ತು.

ಅಪ್ಪ ಪುಸ್ತಕವನ್ನು ಚೀಲದಲ್ಲಿ ಹಾಕಿಕೊಂಡು ಸಭೆಗೆ ಹೊರಟಾಗ ನಾನೂ ಹಿಂದೆ ಹೋಗಿ ಬಾಗಿಲಲ್ಲಿ ನಿಂತೆ. ನಿವೃತ್ತ ಹೆಡ್‌ಮಾಸ್ತರರು ಅಧ್ಯಕ್ಷರು. ಆ ಕಾದಂಬರಿಗೆ ಗೆರೆ ಎಳೆದವರು ಹತ್ತಿ ವ್ಯಾಪಾರಿಗಳು. ಅಂಥ ಭಯಂಕರ ಪ್ರಸಂಗ ಇದ್ದಾಗ ಬರೀ ಚೀಟಿಗೆ ಹೇಗೆ ಬಿಟ್ಟಿರಿ ಎಂದು ಅವರ ವಿಚಾರಣೆ ನಡೆದಿತ್ತು.

"ಗೆರಿ ನಾನ ಹೊಡದೇನ್ರಿ, ಖರೇ. ಆದ್ರ ಹಂಗ ಇದ್ದಿದ್ರ ನನಗ ನೆನಪ ಇರತಿತ್ತಲ್ರಿ," ಎಂದರು ಅವರು. ದನಿಯಲ್ಲಿ ಏನೋ ಕಳೆದುಕೊಂಡವರ ದುಃಖವಿತ್ತು.

ಅಧ್ಯಕ್ಷರು ಪುಸ್ತಕ ತೆಗೆದುಕೊಂಡು, ಕೇವಲ ಪರಿಶೀಲನೆಗೆಂದು, ಆ ಹಾಳೆಯನ್ನು ಟ್ಯೂಬ್‌ಲೈಟಿಗೆ ಹಿಡಿದರು. ಕಾಣಲಿಲ್ಲ. ಪಕ್ಕದವರು ಇಸಿದುಕೊಂಡು ಕಿಟಕಿಗೆ ಹಿಡಿದರು. ಮತ್ತೊಬ್ಬರು ಚಷ್ಮಾ ತೆಗೆದು, ಒರೆಸಿ, ಹಾಕಿಕೊಂಡು ಹಿಡಿದರು. ಐದೂ ಜನ ಸರದಿಯ ಮೇಲೆ ಪರಿಶೀಲಿಸಿದರು. ಅಪ್ಪನ ಅಂಟು ಯಾರಿಗೂ ಜಗ್ಗಲಿಲ್ಲ. ಆಗ ನಾನು ಒಳಗೆ ಹೋದೆ.

"ಅದು ಪುಸ್ತಕದಾಗ ಇಲ್ರಿ. ನಾನ ಕಟ್ಟಿ ಹೇಳೇನ್ರಿ."

ಅಪ್ಪ ನನ್ನ ಮುಖ ನೋಡಲಿಲ್ಲ.

"ಗೋವಾಕ್ಕೂ ನೀನ ಕಳಸೀಯೇನು?" ಎಂದು ಅಧ್ಯಕ್ಷರು ಕೇಳಿದರು.

"ಇಲ್ರಿ. ನಾ ಬರೇ ಎಣ್ಣಿ ಹಚ್ಚೇನ್ರಿ. ನೀವು ಚೀಟಿ ಹಚ್ಚಿರಲಿಲ್ಲಂದ್ರ ನಾ ಯಾಕ್ರಿ ಎಣ್ಣಿ ಹಚ್ತಿದ್ದೆ?"

ಈ ಕೊನೆಯ ಮಾತು ಆಡಬಾರದಿತ್ತು ಎಂದು ಅವರ ಮುಖಗಳೇ ಹೇಳಿದವು. ನನಗೆ ಮಾತ್ರ ಇಂದಿಗೂ ಅದು ನನ್ನ ಜೀವನದ ಅತ್ಯುತ್ತಮ ಭಾಷಣ ಅನಿಸುತ್ತದೆ. ಅಲ್ಲಿಂದ ಈಚೆಗೆ ಎಷ್ಟೋ ಸಭೆಗಳಲ್ಲಿ ಉದ್ದುದ್ದ ಮಾತಾಡಿದ್ದೇನೆ, ಅದಕ್ಕಿಂತ ಹೆಚ್ಚೇನೂ ಹೇಳಿಲ್ಲ. ಮುಚ್ಚಿದ ಜಾಗದಲ್ಲಿ ಜನ ತಮಗೆ ಬೇಕಾದದ್ದನ್ನು ಇಟ್ಟುಕೊಳ್ಳುತ್ತಾರೆ, ಅದು ಬರೆದದ್ದಕ್ಕಿಂತ ದೊಡ್ಡದೇ ಇರುತ್ತದೆ.

ಅರ್ಧ ತಾಸು ಚರ್ಚೆಯಾಯಿತು. ಪುಸ್ತಕದ ತಪ್ಪಿಲ್ಲವಾದ್ದರಿಂದ ಅದನ್ನು ಉಳಿಸುವುದು, ತಪ್ಪು ಹುಡುಗಿಯದಾದ್ದರಿಂದ ಅವಳನ್ನು ಒಂದು ವರ್ಷ ನಿಷೇಧಿಸುವುದು, ಅವಳು ಪುಸ್ತಕ ಮುಟ್ಟಕೂಡದು, ಓದಿ ಹೇಳಕೂಡದು ಎಂದು ಠರಾವು. ಕಾರ್ಯದರ್ಶಿಯಾದ್ದರಿಂದ ಅದನ್ನು ಬರೆದು ಸಹಿ ಮಾಡಿದವರು ಅಪ್ಪ. ನಮ್ಮ ಓಣಿಯಲ್ಲಿ ಪೂರ್ತಿ ನಿಷೇಧವಾದದ್ದು ನಾನೊಬ್ಬಳೇ. ಆಗ ಅತ್ತಿದ್ದೆ, ಈಗ ಹೇಳಿಕೊಂಡು ತಿರುಗುತ್ತೇನೆ.

ಮನೆಗೆ ಬಂದಾಗ ಅಜ್ಜಿ ಪಡಸಾಲೆಯಲ್ಲಿ ಕೂತಿದ್ದಳು. ಅಪ್ಪ ಎಲ್ಲವನ್ನೂ ಹೇಳಿದರು. ಹದಿನಾಲ್ಕನೆಯ ಅಧ್ಯಾಯದ ಎಣ್ಣೆ ಸುಳ್ಳು ಎಂದು ತಿಳಿದು ಅವಳು ನನ್ನನ್ನು ಬೈಯುತ್ತಾಳೆ ಎಂದುಕೊಂಡು ಕಂಬಕ್ಕೆ ಒರಗಿ ನಿಂತೆ. ಅವಳು ಕೇಳಿದ್ದು ಅಪ್ಪನನ್ನು.

"ಹಂಗಾರ ಇನ್ನ ಯಾರು ಓದತಾರ?"

ಅಪ್ಪ ಚಪ್ಪಲಿ ಬಿಟ್ಟು, ಅಜ್ಜಿಯ ಎದುರು ಕೂತು ಪುಸ್ತಕ ತೆರೆದರು. ಹದಿನೈದನೆಯ ಅಧ್ಯಾಯಕ್ಕೆ ಹಾಳೆ ತಿರುವಿದರು.

"ಅದಲ್ಲ," ಎಂದಳು ಅಜ್ಜಿ. "ಚೀಟಿ ಹಚ್ಚೀಯಲ್ಲ, ಅದನ್ನ ಓದು."

"ಅವ್ವಾ, ಅದು ಸಮಿತಿಯವರು..."

"ಸಮಿತಿ ನಿನ್ನ ಹಡದಿಲ್ಲ."

ಅಪ್ಪ ನನ್ನಿಂದ ಒಂದು ವಾಟಿ ನೀರು ತರಿಸಿದರು. ಧೋತರದ ಅಂಚು ಅದ್ದಿ ಚೀಟಿಯ ಮೇಲೆ ಇಟ್ಟು, ಒತ್ತಿ ಹಿಡಿದು ಕೂತರು. ಅಂಟಿಸಿದವರಿಗೆ ಬಿಡಿಸುವುದೂ ಗೊತ್ತಿತ್ತು. ಚೀಟಿ ಒಂದು ಅಕ್ಷರವನ್ನೂ ಕೀಳದೆ ಎದ್ದು ಬಂತು. ಕೆಳಗೆ ಇದ್ದದ್ದು ಎರಡೇ ಸಾಲು. ಅಪ್ಪ ಗಂಟಲು ಸರಿಮಾಡಿಕೊಂಡು, ಲೆಕ್ಕ ಒಪ್ಪಿಸುವವರಂತೆ ಗಡಬಡಿಸಿ ಓದಿದರು.

"ಅವನು ಒಣ ಟವೆಲ್ಲು ತಂದು ಅವಳ ಕೈಗೆ ಕೊಟ್ಟ. ಇಷ್ಟು ದಿನಗಳಲ್ಲಿ ಅವಳು ಕೇಳದೆ ಯಾರೂ ಅವಳಿಗೆ ಏನನ್ನೂ ಕೊಟ್ಟಿರಲಿಲ್ಲ."

ಇಷ್ಟಕ್ಕೇ ಚೀಟಿಯೇ ಎಂದು ನನಗೆ ನಗು ಬರುತ್ತಿತ್ತು. ಅಜ್ಜಿಯನ್ನು ನೋಡಿದೆ. ಅವಳು ನಗುತ್ತಿರಲಿಲ್ಲ, ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ಇನ್ನೊಮ್ಮೆ ಓದಪಾ," ಎಂದಳು.

ಅಪ್ಪ ಇನ್ನೊಮ್ಮೆ ಓದಿದರು. ಈ ಸಲ ಅವಸರ ಮಾಡಲಿಲ್ಲ.