ಮೇಸ್ತ್ರಿಯ ಹೊಸ ಸ್ಕೂಟರ್

ಗುಬ್ಬಿಯ ಒಬ್ಬ ಲಾರಿ ಮೇಸ್ತ್ರಿಗೆ ಬ್ರೇಕ್ ರಿಪೇರಿ ಮಾಡುವುದಕ್ಕಿಂತ ಅದನ್ನು ತೋರಿಸುವುದರಲ್ಲೇ ಹೆಚ್ಚು ಖುಷಿ. ಕೆಲಸ ಮುಗಿದ ಮೇಲೆ ಕೈಯ ಗ್ರೀಸನ್ನು ತಲೆಗೇ ಒರೆಸಿಕೊಂಡು, ತನ್ನ ಹೊಸ ಸ್ಕೂಟರನ್ನು ಶೆಡ್ಡಿನ ಮುಂದೆ ಅಡ್ಡ ನಿಲ್ಲಿಸಿ, ಲಾರಿಯನ್ನು ನೇರ ಅದರತ್ತಲೇ ನುಗ್ಗಿಸುತ್ತಿದ್ದ. ಇನ್ನು ಗೇಣು ದೂರವಿದೆ ಎನ್ನುವಾಗ ಲಾರಿ ನಿಲ್ಲುತ್ತಿತ್ತು. “ನಂಬ್ಕೆ ಮುಖ್ಯ ಕಣಣ್ಣ,” ಎನ್ನುತ್ತ ಇಳಿಯುತ್ತಿದ್ದ.

ತೆಂಗಿನಕಾಯಿ ಸಾಗಿಸಲೆಂದು ನಾನು ಕುಣಿಗಲ್‌ನಲ್ಲಿ ಕೊಂಡ ಹಳೇ ಲಾರಿಯ ಬ್ರೇಕ್ ತುಳಿಯಲು ಎರಡು ಕಾಲೂ ಬೇಕಾಗಿದ್ದವು. ಮೇಸ್ತ್ರಿ ಲಾರಿಯಡಿ ನುಸುಳಿದವನು ಅಲ್ಲಿಂದಲೇ ನಗತೊಡಗಿದ.

“ಅಣ್ಣೋ, ವ್ಯಾಕ್ಯೂಮ್ ಟ್ಯಾಂಕೇ ಇಲ್ಲ! ಯಾವನೋ ಬಿಚ್ಕೊಂಡು, ಪೈಪಿಗೆ ತೆಂಗಿನ ನಾರು ತುರುಕವ್ನೆ.”

ಪೆಡಲನ್ನು ಹಗುರ ಮಾಡುವ ಆ ಟ್ಯಾಂಕು ಹೊಸದು ಎಲ್ಲೂ ಸಿಗಲಿಲ್ಲ. ಮೇಸ್ತ್ರಿ ತುಮಕೂರಿನ ಗುಜರಿಯಿಂದ ತುಕ್ಕು ಹಿಡಿದದ್ದೊಂದನ್ನು ತಂದ. ಅದರ ಪೈಪಿನಿಂದ ಗಾಳಿಯನ್ನು ಬಾಯಲ್ಲೇ ಎಳೆದು, ತುದಿಗೆ ನಾಲಿಗೆ ಅಂಟಿಸಿಕೊಂಡು ನಿಂತ. ಕೊನೆಗೆ ನಾಲಿಗೆ ಬಿಡಿಸಿಕೊಂಡು, “ಸೋರ್ತಿಲ್ಲ,” ಎಂದ.

ಲಾರಿ ತರಲು ನಾನು ಬೈಕಿನಲ್ಲಿ ಹೋದಾಗ ಟ್ಯಾಂಕು ಲಾರಿಯಡಿ ಕೂತಿತ್ತು, ಸ್ಕೂಟರೂ ಅಡ್ಡ ನಿಂತಿತ್ತು. ಮೇಸ್ತ್ರಿ ಇಂಜಿನ್ ಶುರು ಮಾಡಿ ಪೆಡಲ್ ಒತ್ತಿದ. ಇನ್ನೊಮ್ಮೆ ಒತ್ತಿದ. ಆಮೇಲೆ ಇಳಿದು, ಸ್ಕೂಟರನ್ನು ಶೆಡ್ಡಿನೊಳಗೆ ತಳ್ಳಿ, ಆ ಜಾಗಕ್ಕೆ ನನ್ನ ಬೈಕನ್ನು ತಂದು ನಿಲ್ಲಿಸಿದ.

“ಇದೇನು ಮೇಸ್ತ್ರಿ?”

“ಲಾರಿ ನಿಮ್ದು. ನಂಬ್ಕೆನೂ ನಿಮ್ದೇ ಇರ್ಲಿ ಬುಡಿ.”

ನಾನು ಬಾಯಿ ತೆರೆಯುವಷ್ಟರಲ್ಲಿ ಲಾರಿ ನುಗ್ಗಿತು. ಬೈಕಿಗೆ ಗೇಣು ದೂರದಲ್ಲಿ ನಿಂತಿತು. ಇಳಿದ ಮೇಸ್ತ್ರಿ ಬೈಕನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಒಳಗಿದ್ದ ಸ್ಕೂಟರನ್ನೇ ನೋಡುತ್ತ ಪೇಚಾಡಿದ:

“ಥೂ, ನಂದೇ ಇಡ್ಬೋದಿತ್ತು ಕಣಣ್ಣ!”