ಕಾಕಾ ಕೊರೆದ ಬಳ್ಳಿ

ಕಾಕಾ ಅವರ ಬಲಗೈ ಹೆಬ್ಬೆರಳಿನ ಉಗುರು ನೀಲಿಯಾಗಿತ್ತು. ಎಷ್ಟು ತೊಳೆದರೂ ಹೋಗದ ನೀಲಿ. ಉಗುರು ಬೆಳೆದು ಕತ್ತರಿಸಿಕೊಂಡರೆ ಬುಡದಲ್ಲಿ ಮತ್ತೆ ಬಂದು ಕೂತಿರುತ್ತಿತ್ತು. ನಮ್ಮ ಮನೆಗೆ ಊಟಕ್ಕೆ ಬಂದಾಗ ಆ ಉಗುರು ಜೋಳದ ರೊಟ್ಟಿ ಮುರಿಯುವುದನ್ನೇ ನಾನು ನೋಡುತ್ತ ಕೂರುತ್ತಿದ್ದೆ. "ಹಂಗ್ಯಾಕ ನೋಡ್ತಿ ತಂಗಿ? ಇಷ್ಟು ವರ್ಷ ತಿಂದೀನಿ, ನನ್ನ ಹೊಟ್ಟಿನೂ ಒಳಗ ನೀಲಿ ಆಗಿರಬೇಕು," ಎಂದು ಅವರೇ ನಗುತ್ತಿದ್ದರು.

ಅವರು ನನ್ನ ತಂದೆಯ ಒಡಹುಟ್ಟಿದವರಲ್ಲ. ತಂದೆ ಸೊಲ್ಲಾಪುರದ ಒಂದು ಬಟ್ಟೆ ಗಿರಣಿಯಲ್ಲಿ ಕಾರಕೂನರಾಗಿದ್ದರು. ಕಾಕಾ ಕೂಡ ಅಲ್ಲಿಯೇ ಇದ್ದರು. ವಳಸಂಗದ ಕಡೆಯ ಕುರಿ ಕಾಯುವ ಮನೆತನ ಅವರದು. ಗಿರಣಿಯಲ್ಲಿ ಬಟ್ಟೆಯ ಗಂಟುಗಳ ಮೇಲೆ ಊರಿನ ಹೆಸರು, ನಂಬರು ಹಾಕುತ್ತಾರಲ್ಲ, ಅದಕ್ಕೆ ಬೇಕಾದ ತಗಡಿನ ಅಚ್ಚುಗಳನ್ನು ಕೊರೆದು, ನೀಲಿ ಮಸಿ ಹಚ್ಚಿ ನೋಡುವುದು ಅವರ ಕೆಲಸ. ದಿನವಿಡೀ ಅಕ್ಷರ ಕೊರೆದು ಬೇಸರ ಬಂದು, ಮನೆಗೆ ಹೋಗಿ ರಟ್ಟಿನಲ್ಲಿ ಹೂ ಕೊರೆಯತೊಡಗಿದರಂತೆ. ರಟ್ಟಿಗೆ ಅಗಸೆ ಎಣ್ಣೆ ಸವರಿ, ಮಾಳಿಗೆಯ ಮೇಲೆ ಒಣಗಿಸಿ, ಮೇಲೆ ಪೆನ್ಸಿಲಿನಿಂದ ಹೂಬಳ್ಳಿ ಬರೆದು, ಸಣ್ಣ ಚೂರಿಯಿಂದ ಕೊರೆದು ತೆಗೆಯುತ್ತಿದ್ದರು. ಆ ಅಚ್ಚನ್ನು ಗೋಡೆಗೆ ಒತ್ತಿ ಹಿಡಿದು ಬಟ್ಟೆಯ ಉಂಡೆಯಿಂದ ಬಣ್ಣ ತಟ್ಟಿದರೆ ಕೊರೆದ ಜಾಗದಲ್ಲಷ್ಟೇ ಬಣ್ಣ ಹತ್ತುತ್ತಿತ್ತು. ನಮ್ಮ ಮನೆಯ ಪಡಸಾಲೆಯಲ್ಲಿ ಅವರು ಮಾಡಿದ ಒಂದು ಸಾಲು ಹಸಿರು ಗಿಳಿಗಳಿದ್ದವು. ನಾನು ಶಾಲೆಗೆ ಹೋಗುವಾಗ ಖಾಲಿ ಇದ್ದ ಗೋಡೆಯ ಮೇಲೆ ಮರಳಿ ಬರುವಷ್ಟರಲ್ಲಿ ಗಿಳಿಗಳು ಕೂತಿದ್ದವು.

ಯಾರ ಮನೆಗೆ ಹೋದರೂ ಮೊದಲು ಗೋಡೆಯನ್ನು ಬೆರಳ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು ಕೇಳುವುದು ಅವರ ರೂಢಿ. ಮದುವೆಮನೆ, ಸಾವಿನ ಮನೆ ಎಂದು ನೋಡುತ್ತಿರಲಿಲ್ಲ. ಚಹಾವನ್ನು ಬಸಿಗೆ ಸುರುವಿಕೊಂಡು, ಊದಿ, ಒಂದೇ ಗುಟುಕಿಗೆ ಕುಡಿಯುತ್ತಿದ್ದರು. ಮಾತುಮಾತಿಗೆ "ಬೀರಪ್ಪನಾಣಿ" ಎನ್ನುತ್ತಿದ್ದರು. ಅಷ್ಟೆಲ್ಲ ಆಣೆ ಹಾಕುವ ಮನುಷ್ಯ ಸುಳ್ಳು ಹೇಳಿದ್ದನ್ನು ನಾನು ಜೀವನದಲ್ಲಿ ಕೇಳಿದ್ದು ಒಂದೇ ಸಲ, ಅದೂ ನನಗಾಗಿ. ಆ ಮಾತಿಗೆ ಆಮೇಲೆ ಬರುತ್ತೇನೆ.

ನನಗೆ ಕತ್ತರಿ ಹಿಡಿಯಲು ಕಲಿಸಿದವರೂ ಅವರೇ. ಚೂರಿ ಮಾತ್ರ ಮುಟ್ಟಗೊಡುತ್ತಿರಲಿಲ್ಲ. ಹಳೆಯ ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಅಂಚಿನಲ್ಲಿ ಕಚ್ಚು ಹಾಕಿ ಬಿಡಿಸಿದರೆ ಹೂವಾಗುವುದನ್ನು ತೋರಿಸಿದರು. ನಾನು ಕೈಗೆ ಸಿಕ್ಕಿದ್ದನ್ನೆಲ್ಲ ಕತ್ತರಿಸಿದೆ. ಒಮ್ಮೆ ತಂದೆಯ ಪಂಚಾಂಗವನ್ನೇ ಕತ್ತರಿಸಿ ಬೈಸಿಕೊಂಡೆ. ಕಾಕಾ ಮಾತ್ರ, "ಕೈ ಛಲೋ ಅದ ಹುಡುಗೀದು. ನಿಂದರೂದು ಎಲ್ಲಿ ಅನ್ನೂದು ಅಷ್ಟ ಕಲೀಬೇಕು," ಎಂದರು. ನಾನು ಹೊಗಳಿಕೆಯನ್ನಷ್ಟೇ ಕೇಳಿಸಿಕೊಂಡೆ.

ಹತ್ತೊಂಬತ್ತು ನೂರಾ ಇಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನನ್ನನ್ನು ಅಕ್ಕಲಕೋಟೆಗೆ ಕೊಟ್ಟರು. ವಾಗದರಿಯ ಕಡೆ ಹೊಲ, ಊರಲ್ಲಿ ದೊಡ್ಡ ವಾಡೆ, ಮನೆತುಂಬ ಜನ. ನಮಗೆ ಮಲಗಲು ಕೊಟ್ಟ ಕೋಣೆ ಬರೀ ಸುಣ್ಣದ ಗೋಡೆಯದು. ಅದನ್ನು ಕೇಳಿ ತಂದೆ, ತವರಿನ ಉಡುಗೊರೆಯೆಂದು ಕಾಕಾ ಅವರನ್ನೇ ಕಳಿಸಿಕೊಟ್ಟರು. ಅದೇ ವರ್ಷ ಕಾಕಾ ಗಿರಣಿ ಬಿಟ್ಟಿದ್ದರು. ಇನ್ನು ಅಕ್ಷರ ಸಾಕು, ಗೋಡೆಯ ಮೇಲೆ ಬದುಕುತ್ತೇನೆ ಎಂದು ಹೊರಟಿದ್ದರು. ನಮ್ಮ ಮಾವನವರಿಗೆ ದುಧನಿಯಲ್ಲಿ ಒಬ್ಬ ಅಡತಿ ವ್ಯಾಪಾರಿ ಬೀಗರಿದ್ದರು. ಹೊಸ ಮನೆ ಕಟ್ಟಿಸಿದ್ದ ಅವರು, ಈ ಕೋಣೆಯ ಕೆಲಸ ನೋಡಿ ಒಪ್ಪಿದರೆ ತಮ್ಮ ಮನೆ, ಅಂಗಡಿ ಎರಡನ್ನೂ ಕಾಕಾಗೇ ಕೊಡುವುದೆಂದು ಮಾತಾಗಿತ್ತು. ದುಧನಿಯಲ್ಲಿ ಹೆಸರಾದರೆ ಸುತ್ತಿನ ಊರೆಲ್ಲ ಕರೆಯುತ್ತದೆ. ಟಾಂಗಾದಿಂದ ಇಳಿಯುವಾಗ ಕಾಕಾ ಅವರ ಮುಖದಲ್ಲಿ ಆ ಹುರುಪು ಕಾಣುತ್ತಿತ್ತು.

"ನಾಕೂ ಗ್ವಾಡಿ ಮಾತಾಡಿದ್ರ ನಿದ್ದಿ ಬರಂಗಿಲ್ರಿ ಮಾಲಕ್ರ. ಒಂದ ಸಾಕು," ಎಂದು ಮಂಚದ ತಲೆದಿಸೆಯ ಗೋಡೆಯನ್ನು ಬಡಿದು ಆರಿಸಿದರು. ಜಾಲಿ ಅಂಟು ಕಲಸಿ ಬಣ್ಣ ಮಾಡಿದರು. ಅಚ್ಚನ್ನು ನನಗಾಗಿಯೇ ಹೊಸದಾಗಿ ಕೊರೆದು ತಂದಿದ್ದರು: ಮಲ್ಲಿಗೆ ಬಳ್ಳಿ, ಅದರ ಮೇಲೆ ಎದುರುಬದುರು ಎರಡು ಹಕ್ಕಿ. ಒಂದು ತಿಂಗಳು ಕೂತು ಕೊರೆದದ್ದೆಂದು ತಂದೆ ಆಮೇಲೆ ಹೇಳಿದರು. ಮೊದಲ ದಿನ ಮಂಚದ ಮರೆಗೆ ಬರುವ ಮೂಲೆಯಲ್ಲಿ ಒಂದೇ ಒಂದು ಸಲ ತಟ್ಟಿ, ಬಣ್ಣ ಹೇಗೆ ಒಣಗುತ್ತದೆಂದು ನೋಡಲು ಬಿಟ್ಟರು.

ಮರುದಿನ ಬೆಳಿಗ್ಗೆ ಅತ್ತೆ ಅದನ್ನು ನೋಡಿ ಬಂದರು. ಗಂಡಸರ ಮುಂದೆ ಏನೂ ಅನ್ನಲಿಲ್ಲ. ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ನನಗೆ ಹೇಳಿದರು: "ಬಳ್ಳಿ ಅಲ್ಲಲ್ಲಿ ಕಡದದಲ್ಲವ್ವಾ. ಹೊಸದಾಗಿ ಬಾಳೇ ಮಾಡವ್ರ ಖೋಲ್ಯಾಗ ಕಡದ ಬಳ್ಳಿ ಇರಬಾರದು."

ನಾನು ಹೋಗಿ ನೋಡಿದೆ. ಹೌದು, ಬಳ್ಳಿಯ ಕಾಂಡದಲ್ಲಿ ಗೇಣಿಗೊಂದು ಸಂದು, ಒಂದೊಂದೂ ಜೋಳದ ಕಾಳಿನಷ್ಟು. ಅಚ್ಚನ್ನು ನೋಡಿದರೆ ಆ ಜಾಗಗಳಲ್ಲಿ ರಟ್ಟನ್ನು ಕೊರೆಯದೆ ಹಾಗೇ ಬಿಟ್ಟಿದ್ದರು. ನಮ್ಮ ಸೊಲ್ಲಾಪುರದ ಗಿಳಿಗಳಲ್ಲಿ ಇಂಥ ಸಂದು ಒಂದೂ ಇರಲಿಲ್ಲ. ಅವಸರದಲ್ಲಿ ಕಾಕಾ ಮರೆತಿದ್ದಾರೆ ಎಂದುಕೊಂಡೆ. ಕೇಳಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಆದರೆ ಬಂದು ಮೂರು ತಿಂಗಳಾಗದ ಸೊಸೆ, ಮಾವ ಕೂತ ಪಡಸಾಲೆಗೆ ಹೋಗಿ ಕೆಲಸಕ್ಕೆ ಬಂದ ಗಂಡಸಿನೊಂದಿಗೆ ಮಾತಾಡುವುದು ಹೇಗೆ? ಅತ್ತೆ ತಪ್ಪು ಹಿಡಿದಿದ್ದಾರೆಂದು ಕಾಕಾಗೆ ಹೇಳಲೂ ಮನಸ್ಸಾಗಲಿಲ್ಲ. ನಡುಮಧ್ಯಾಹ್ನ ಅವರು ಊಟಕ್ಕೆ ಕೂತಾಗ ಹೊಲಿಗೆ ಪೆಟ್ಟಿಗೆಯ ಕತ್ತರಿ ತಂದು, ಚಾಪೆಯ ಮೇಲೆ ಹಾಸಿಟ್ಟ ಅಚ್ಚಿನಲ್ಲಿ ಆ ಕಾಳುಗಳನ್ನೆಲ್ಲ ಒಂದೊಂದಾಗಿ ಕತ್ತರಿಸಿ ತೆಗೆದೆ. ಬಳ್ಳಿ ಈ ತುದಿಯಿಂದ ಆ ತುದಿಯವರೆಗೆ ಅಖಂಡವಾಯಿತು. ಕಾಕಾಗೆ ಉಪಕಾರ ಮಾಡಿದೆನೆಂಬ ಸಂತೋಷದಲ್ಲಿ ಚೂರುಗಳನ್ನು ಆರಿಸಿ ಒಲೆಗೆ ಹಾಕಿದೆ.

ಆ ಕಾಳುಗಳು ಅಚ್ಚಿನ ಜೀವ. ಬಳ್ಳಿಯ ಮೇಲಿನ ರಟ್ಟನ್ನೂ ಕೆಳಗಿನ ರಟ್ಟನ್ನೂ ಹಿಡಿದುಕೊಂಡಿದ್ದವು ಅವೇ. ಗೋಡೆಯೆಲ್ಲ ತಟ್ಟಿ ಮುಗಿದ ಮೇಲೆ, ಕಡೆಯ ದಿನ, ಬ್ರಶ್ಶಿನಿಂದ ಒಂದೊಂದು ಸಂದನ್ನೂ ಕೂಡಿಸುವುದು ಕಾಕಾ ಅವರ ಪದ್ಧತಿ. ಗಿಳಿಗಳಿಗೂ ಹಾಗೇ ಮಾಡಿದ್ದರು. ನಾನು ಶಾಲೆಯಿಂದ ಬಂದು ನೋಡಿದ್ದು ಮುಗಿದ ಗಿಳಿಗಳನ್ನು.

ಊಟವಾದ ಮೇಲೆ ದುಧನಿಯ ಬೀಗರು ಬಂದರು. ಮಾವನವರು ಅವರನ್ನು ಕೋಣೆಗೆ ಕರೆತಂದರು. ನಾನೂ ಅತ್ತೆಯೂ ಸೆರಗು ಹೊದ್ದು ಬಾಗಿಲ ಆಚೆ ನಿಂತಿದ್ದೆವು. ಕಾಕಾ ಬೀಗರ ಕಡೆ ಮುಖ ಮಾಡಿ ಏನೋ ತಮಾಷೆ ಹೇಳುತ್ತಲೇ ಅಚ್ಚನ್ನು ಎತ್ತಿ ಗೋಡೆಗೆ ಒತ್ತಿ, ಬಣ್ಣದ ಉಂಡೆ ತಟ್ಟಿದರು. ಕೆಳಗಿನ ಅರ್ಧ ಜಾರಿ ಜೋಲಾಡಿತು. ಬಳ್ಳಿ ಬಾಯಿ ತೆರೆದುಕೊಂಡಿತು. ಹಸಿರು ಬಣ್ಣ ಸುಣ್ಣದ ಗೋಡೆಯ ಮೇಲೆ ನೆಲದವರೆಗೆ ಇಳಿಯಿತು. ಹಕ್ಕಿಗಳಿದ್ದ ಕಡೆ ಎರಡು ಮುದ್ದೆಗಳು ಉಳಿದವು.

ಬೀಗರು ಜೋಲುವ ರಟ್ಟನ್ನು ಹಿಡಿದು ನೋಡಿದರು. ವ್ಯಾಪಾರಿಯ ಕಣ್ಣು ಅವರದು. "ಇದು ಕತ್ತರಿಲೆ ಕತ್ತರಿಸಿದಂಗ ಅದಲ್ರಿ. ಯಾರು ಮುಟ್ಟಿದ್ರು ಇದನ್ನ?" ಎಂದರು.

ಮಾವನವರು ಬಾಗಿಲ ಕಡೆ ತಿರುಗಿದರು. ಕಾಕಾ ಅಚ್ಚನ್ನು ಕೈಗೆ ತೆಗೆದುಕೊಂಡು ಅಂಚಿನಗುಂಟ ಬೆರಳಾಡಿಸಿದರು. ಆಮೇಲೆ ನನ್ನನ್ನು ನೋಡಿದರು. ಒಂದು ಗಳಿಗೆ, ಅಷ್ಟೇ. ನನ್ನ ಕತ್ತರಿಯ ಕಚ್ಚನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

"ನಾನ ಕತ್ತರಿಸೀನ್ರಿ," ಎಂದರು. "ಚೂರಿ ಹಿಡಿಯಾಕ ಆಗವಲ್ದು. ಕೈ ನಡಗಾಕತ್ತಾವ. ಕತ್ತರಿಲೆ ಮಾಡಿದ್ರ ನಡೀತದ ಅಂತ ತಿಳದಿದ್ದೆ. ತಪ್ಪಾತು."

ಹೇಳಿ, ಕೈಯನ್ನು ಮುಂದೆ ಚಾಚಿ ನಡುಗಿಸಿಯೂ ತೋರಿಸಿದರು. ಅವರಿಗಾಗ ಐವತ್ತೂ ಆಗಿರಲಿಲ್ಲ.

ಮಾವನವರು ಸಜ್ಜನರು. "ಇರಲಿ, ಸುಣ್ಣ ಹೊಡದು ಬಿಡ್ರಿ, ಸಾಕು," ಎಂದರು. ಬೀಗರು ಬೆರಳಿಗೆ ಹತ್ತಿದ ಬಣ್ಣ ಒರೆಸಿಕೊಳ್ಳುತ್ತ ಪಡಸಾಲೆಗೆ ಹೋದರು. ಕಾಕಾ ಆ ಹಸಿರನ್ನು ಕೆರೆದು, ಎರಡು ಸಲ ಸುಣ್ಣ ಹೊಡೆದು, ಅಚ್ಚನ್ನು ಸುತ್ತಿ ಬಗಲಿಗಿಟ್ಟುಕೊಂಡು ಸಂಜೆಯ ಟಾಂಗಾಕ್ಕೆ ಹೊರಟರು. ಹಿತ್ತಲಲ್ಲಿ ಕೈ ತೊಳೆಯುವಾಗ ನೀರು ಹಾಕಲು ನಾನೇ ಹೋದೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಬಾಯಿ ತೆರೆಯುವ ಮೊದಲೇ ಅವರು, "ಹೊಸ ಮನಿ ಅದ. ಸುಮ್ನಿರು," ಎಂದರು.

ಸುಮ್ಮನಿದ್ದೆ. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ನನಗೆ ಹಾಯೆನಿಸಿತು. ಕತ್ತರಿಸಿದ್ದನ್ನು ನಾನು ಕ್ಷಮಿಸಿಕೊಳ್ಳಬಲ್ಲೆ, ತಿಳಿಯದೆ ಮಾಡಿದ್ದು. ಆ ಹಾಯೆನಿಸಿದ್ದನ್ನು ಮಾತ್ರ ಇವತ್ತಿಗೂ ಕ್ಷಮಿಸಿಕೊಳ್ಳಲು ಆಗಿಲ್ಲ.

ಮಾತು ಅಕ್ಕಲಕೋಟೆಯಿಂದ ದುಧನಿಗೆ, ದುಧನಿಯಿಂದ ಸೊಲ್ಲಾಪುರಕ್ಕೆ ಹೋಯಿತು. ಪಾಪ, ಒಳ್ಳೆ ಕಾರಾಗೀರ, ಕಸುಬಿನ ಕೈ ಹೋಯಿತಂತೆ ಎಂದು ಜನ ಮರುಗುತ್ತಲೇ ಬೇರೆಯವರನ್ನು ಕರೆದರು. ಒಂದು ವರ್ಷ ಹೇಗೋ ಕಳೆದು ಕಾಕಾ ಮತ್ತೆ ಗಿರಣಿಗೆ ಹೋದರು. ಕೈ ನಡುಗುತ್ತದೆಂದು ಅಲ್ಲಿಗೂ ಗೊತ್ತಾಗಿತ್ತು. ಅಚ್ಚು ಕೊರೆಯುವ ಕೆಲಸ ಕೊಡಲಿಲ್ಲ. ಗಂಟುಗಳಿಗೆ ಗೋಣಿತಟ್ಟು ಹೊಲಿಯಲು ಕೂರಿಸಿದರು.

ಇದನ್ನೆಲ್ಲ ತಂದೆ ಹೇಳುವಾಗ ನಾನು ಕೇಳಿಸಿಕೊಂಡೆ. ಹೆರಿಗೆಗೆ ತವರಿಗೆ ಹೋದಾಗ ಕಾಕಾ ಮಗುವನ್ನು ನೋಡಲು ಬಂದರೆ, ಮಗುವನ್ನು ಅವ್ವನ ಕೈಗೆ ಕೊಟ್ಟು ಅಡಿಗೆಮನೆಗೆ ನಡೆದೆ. ಪ್ರತಿ ಸೋಮವಾರ ಗುಡಿಯಲ್ಲಿ ದೇವರ ಮುಂದೆ ಮಾತ್ರ ತಪ್ಪೊಪ್ಪಿಕೊಳ್ಳುತ್ತಿದ್ದೆ. ದೇವರಿಗೆ ಹೇಳುವುದು ಸುಲಭವಾಗಿತ್ತು, ಅವನು ಅತ್ತೆಯ ಕಿವಿಗೆ ಹಾಕುವವನಲ್ಲ.

ಎಂಟೊಂಬತ್ತು ವರ್ಷ ಹೀಗೇ ಹೋಯಿತು. ಒಂದು ದೀಪಾವಳಿಗೆ ಮನೆಗೆ ಸುಣ್ಣ ಹೊಡೆಸುವಾಗ ಮಂಚದ ಹಿಂದೆ ಹಕ್ಕಳೆಯೆದ್ದು, ಕಾಕಾ ಮೊದಲ ದಿನ ತಟ್ಟಿದ ಮೂಲೆಯ ಬಳ್ಳಿ ಮಸುಕಾಗಿ ಹೊರಬಂತು. ಅತ್ತೆ ಪಕ್ಕದಲ್ಲೇ ಇದ್ದರು. ನನಗೆ ತಡೆಯಲಾಗಲಿಲ್ಲ. ಅಳುತ್ತ ಎಲ್ಲ ಹೇಳಿಬಿಟ್ಟೆ. ಅವರು ಸೊಂಟಕ್ಕೆ ಕೈಯಿಟ್ಟು ಕೇಳಿದರು.

"ಅಯ್ಯ ಹುಚ್ಚಿ. ಅವತ್ತ ಹೇಳಿದ್ರ ನಾ ಏನ್ ನಿನ್ನ ನುಂಗತಿದ್ನೇನ? ಎರಡ ಮಾತ ಬೈತಿದ್ದೆ, ಆ ಮನಷ್ಯಾ ಇನ್ನೊಂದ ಅಚ್ಚ ಕೊರದು ತರ್ತಿದ್ದ."

ಇಷ್ಟು ವರ್ಷ ನಾನು ಹೆದರಿದ್ದು ಈ ಎರಡು ಮಾತಿನ ಬೈಗುಳಕ್ಕೆ. ಅತ್ತೆಯೇ ಬುತ್ತಿ ಕಟ್ಟಿಕೊಟ್ಟರು. "ಹೋಗಿ ಬಾ. ಗ್ವಾಡಿ ಖಾಲಿ ಅದ, ಬಂದು ಮುಗಸ್ರಿ ಅಂತ ನಾ ಹೇಳೀನಿ ಅನ್ನು," ಎಂದರು.

ಕಾಕಾ ಜಡ್ಡಾಗಿದ್ದಾರೆಂದು ತಂದೆ ಸೊಲ್ಲಾಪುರದ ಸ್ಟೇಷನ್ನಿನಲ್ಲೇ ಹೇಳಿದರು. ಅವರ ಮನೆಗೆ ಹೋದರೆ, ಕಾಕಾ ಹೊರಸಿನ ಮೇಲೆ ಗೋಡೆಗೊರಗಿ ಕೂತಿದ್ದರು. ನನ್ನನ್ನು ಕಂಡು ಹಿಗ್ಗಿದರು. ಅವರ ಹೆಂಡತಿ, ಕಾಕು, ಚಹಾ ಮಾಡಿ ತಂದರು. ಬಸಿಯನ್ನು ಕಾಕಾ ಎರಡೂ ಕೈಯಲ್ಲಿ ಹಿಡಿದರು. ಆದರೂ ಚಹಾ ಧೋತರದ ಮೇಲೆ ತುಳುಕಿತು. ಈಗ ನಿಜವಾಗಿಯೂ ನಡುಗುತ್ತಿದ್ದವು.

ನಾನು ಕತ್ತರಿಯಿಂದ ಹಿಡಿದು ಒಲೆಗೆ ಹಾಕಿದ ಚೂರುಗಳವರೆಗೆ ಎಲ್ಲವನ್ನೂ ಹೇಳಿದೆ. ಅವರು ತಲೆಯಾಡಿಸುತ್ತ ಕೇಳಿ, ಮೆಲ್ಲಗೆ ನಕ್ಕರು.

"ಅದು ನನ್ನ ಕೈಯಿಂದ ಆದದ್ದು ತಂಗಿ. ಅವಾಗಿಂದನ ಸುರು ಆಗಿತ್ತು ಈ ನಡುಕ."

"ಇಲ್ರಿ ಕಾಕಾ. ನಿಮ್ಮ ಕೈ ಅವತ್ತ ನಡಗಿದ್ದಿಲ್ಲ. ನನ್ನ ಉಳಸಾಕ ಅಂದ್ರಿ ನೀವು. ಸುಮ್ನಿರು ಅಂದಿದ್ರಿ, ನೆನಪಿಲ್ಲೇನ್ರಿ?"

"ಅಂದಿರಬೇಕು. ನೀ ಅಳಾಕತ್ತಿದ್ದಿ." ಬಸಿಯನ್ನು ಕೆಳಗಿಟ್ಟರು. "ನೀ ಕತ್ತರಿಸಿದ್ರ ನನಗ ಗೊತ್ತಾಗತಿರಲಿಲ್ಲೇನ?"

ನಾನು ಬೀರಪ್ಪನ ಆಣೆ ಹಾಕಿದೆ, ನನ್ನ ಮಕ್ಕಳ ಆಣೆ ಹಾಕಿದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು, "ಸಾಕು ಬಿಡು," ಎಂದರು. ಕೇಳಿದವರಿಗೆಲ್ಲ ನನಗಾಗಿ ಅದೇ ಸುಳ್ಳು ಹೇಳಿ ಹೇಳಿ, ಅವರಿಗೆ ಅದು ನೆನಪೇ ಆಗಿಬಿಟ್ಟಿತ್ತು. ಗೋಡೆಯ ವಿಷಯವನ್ನು ನಾನು ಎತ್ತಲಿಲ್ಲ.

ಯುಗಾದಿಗೆ ಮುಂಚೆ ಕಾಕಾ ತೀರಿಕೊಂಡರು. ನಾನು ಮಾತಾಡಿಸಲು ಹೋದಾಗ ಕಾಕು ನನ್ನನ್ನು ಹತ್ತಿರ ಕೂರಿಸಿಕೊಂಡು, ಬಂದ ಹೆಂಗಸರಿಗೆಲ್ಲ ನನ್ನ ಗುರುತು ಹೇಳಿದರು. "ಸಾಯೂತನಾ ಈಕೀನ ನೆನಿಸ್ತಿದ್ರು. 'ನನ್ನ ಕೈಲೆ ಆದ ತಪ್ಪ ತನ್ನ ಮ್ಯಾಲೆ ಹಾಕ್ಕೊಳ್ಳಾಕ ಹುಡುಗಿ ಅಕ್ಕಲಕೋಟಿಯಿಂದ ಬಂದಿದ್ಲು ನೋಡು, ನನ್ನ ಸಲುವಾಗಿ ಮಕ್ಕಳ ಆಣಿ ಹಾಕಿ ಸುಳ್ಳು ಹೇಳಿದ್ಲು,' ಅಂತಿದ್ರು." ಹೆಂಗಸರು ನನ್ನನ್ನು ಮೆಚ್ಚಿ ನೋಡಿದರು. ಒಬ್ಬ ಮುದುಕಿ ನನ್ನ ಗಲ್ಲ ಮುಟ್ಟಿ ನೆಟಿಗೆ ಮುರಿದಳು. ನಾನು ತಲೆ ತಗ್ಗಿಸಿ ಕೂತೆ.